ಮೂವತ್ತೆಂಟನೆಯ ಬಿಂದು

ವಿರಾಜಪೇಟೆಯ ಹಳೆಯ ಕಾಫಿ ಕ್ಯೂರಿಂಗ್ ಶೆಡ್ಡಿನಲ್ಲಿ ನಮ್ಮ ಸಂಸ್ಥೆ.
ಹೆಂಗಸರು ಸಾಲಾಗಿ ಕೂತು ಬೀಜ ಆಯುತ್ತಿದ್ದ ಕಡೆ
ಈಗ ಸರ್ವರುಗಳು ಗುಂಯ್‌ಗುಡುತ್ತವೆ.
ಬಿಸಿಲೇರಿದ ಮಧ್ಯಾಹ್ನ ಗೋಡೆ ಇನ್ನೂ
ಒಣಗಿದ ಸಿಪ್ಪೆಯ ವಾಸನೆ ಬಿಡುತ್ತದೆ.

ನಾನಿಲ್ಲಿ ತೊರೆ ಹರಿಸುವವಳು,
ನೀರಿಲ್ಲದೆ.
ಅಮ್ಮತ್ತಿಯ ಕೆಳಗಿನ ಒಂದು ತೋಡನ್ನು
ಅರವತ್ತು ಬಿಂದುಗಳಾಗಿ ಕತ್ತರಿಸಿ
ಒಂದೊಂದಕ್ಕೂ ಆಳ, ಇಳಿಜಾರು, ಒರಟುತನ ಬರೆದು
ಕೀಲಿ ಒತ್ತಿದರೆ
ಇಡೀ ಜನವರಿ ನಾಲ್ಕು ನಿಮಿಷಕ್ಕೆ ಹರಿದು ಮುಗಿಯುತ್ತದೆ.

ಜನವರಿ ಎಂದರೆ ಗೊತ್ತಲ್ಲ, ಪಲ್ಪರ್ ತಿರುಗುವ ತಿಂಗಳು.
ಹಣ್ಣು ಸುಲಿದ ಸಿಹಿನೀರು ತೋಡಿಗಿಳಿದು ಕಪ್ಪಾಗಿ
ಅದರ ಉಸಿರು ಕುಡಿಯುತ್ತದೆ.
ನಾವು ಲೀಟರಿಗೆ ಇಷ್ಟು ಮಿಲಿಗ್ರಾಂ ಎನ್ನುತ್ತೇವೆ.
ಎಸ್ಟೇಟಿನವರು ‘ಸ್ವಲ್ಪ ವಾಸನೆ’ ಎನ್ನುತ್ತಾರೆ.
ಏಡಿಗಳು ಏನೂ ಅನ್ನದೆ ದಡ ಹತ್ತುತ್ತವೆ.

ಲೆಕ್ಕದ ಪ್ರಕಾರ ಮೂವತ್ತೇಳನೆಯ ಬಿಂದುವಿನಲ್ಲಿ ಉಸಿರು ಸೊನ್ನೆ,
ಅಲ್ಲಿಂದ ಗದ್ದೆಯವರೆಗೂ ಸೊನ್ನೆಯೇ.
ಆದರೆ ಮೂವತ್ತೆಂಟರಲ್ಲಿ ಮೀಟರಿನ ಕಡ್ಡಿ
ಮೂರೂಕಾಲು ತೋರಿಸಿತು.
ತೊಳೆದು, ಒರೆಸಿ, ಮತ್ತೆ ಅದ್ದಿದೆವು.
ಮೂರೂಕಾಲು.

ಆರು ವಾರ ತಪ್ಪು ಹುಡುಕಿದೆ.
ಒಂದು ಮೈನಸ್ ಚಿಹ್ನೆಯ ಮೇಲೆ ಅನುಮಾನಪಟ್ಟು ಮೂರು ರಾತ್ರಿ ನಿದ್ದೆಗೆಟ್ಟೆ.
ಕುಟ್ಟಯ್ಯ ಸರ್ ಕನ್ನಡಕ ತೆಗೆದು ಹೇಳಿದರು:
‘ಗಣಿತ ಸರಿಯಾಗಿದೆಯಮ್ಮ,
ತೋಡೇ ತಪ್ಪಿರಬೇಕು. ಹೋಗಿ ಕೇಳಿ ಬಾ.’
ತಮಾಷೆಗೆ ಅಂದದ್ದು. ನಾನು ಹೋದೆ.

ಲೈನ್ ಮನೆಗಳ ಹಿಂದೆ, ಬಿದಿರುಮೆಳೆ ದಾಟಿದರೆ
ಹನ್ನೆರಡು ಕಲ್ಲು.
ಒಂದು, ಅರ್ಧ ಒಡೆದ ಬೀಸುಕಲ್ಲು.
ಅವುಗಳಿಗೆ ಎಡವಿ, ಹತ್ತಿ, ಬಿದ್ದು, ನೊರೆಯಾಗಿ
ಮುಳುಗಿ ಎದ್ದ ಮಗುವಿನ ಹಾಗೆ
ನೀರು ಗಾಳಿ ನುಂಗುತ್ತಿತ್ತು.

‘ಯಾರು ಇಟ್ಟದ್ದು?’
‘ನಾನೇ’ ಎಂದಳು ಕರ್ಪಿ, ತಲೆಯ ಮೂಟೆ ಇಳಿಸದೆ.
‘ಕಾಲು ಜಾರ್ತಿತ್ತು. ವರ್ಷಕ್ಕೊಂದು ಹಾಕಿದೆ.
ಎರಡು ಮಳೆಗೆ ಹೋದವು.’
ಸ್ವಲ್ಪ ಬಿಟ್ಟು,
‘ತಪ್ಪಾಯ್ತಾ?’

ಶೆಡ್ಡಿಗೆ ಬಂದು ಹೊಸ ಗುಣಾಂಕ ಸೇರಿಸಿದೆ.
ಗ್ರೀಕ್ ಅಕ್ಷರಗಳೆಲ್ಲ ಖರ್ಚಾಗಿದ್ದವು,
‘ಕ’ ಎಂದು ಹೆಸರಿಟ್ಟೆ.
ಪರದೆಯ ಗೆರೆ ಮೂವತ್ತೇಳರಲ್ಲಿ ತಳ ಮುಟ್ಟಿ
ಮೂವತ್ತೆಂಟರಲ್ಲಿ ತಲೆಯೆತ್ತಿತು.
ವರದಿಯ ನಲವತ್ತೊಂದನೆಯ ಪುಟ:
‘ಸ್ಥಳೀಯ ದಾಟುಕಲ್ಲುಗಳಿಂದ ಆಮ್ಲಜನಕದ ಮರುಪೂರಣ.’
ಕೊನೆಯ ಪುಟದಲ್ಲಿ, ಏಳನೆಯ ಶಿಫಾರಸು:
‘ಕಾರ್ಮಿಕರ ಸುರಕ್ಷತೆಗೆ ಇಲ್ಲೊಂದು ಕಿರುಸೇತುವೆ ಅಪೇಕ್ಷಣೀಯ.’
ಅದನ್ನೂ ಬರೆದವಳು ನಾನೇ,
ಅವಳ ಒದ್ದೆ ಹಿಮ್ಮಡಿ ನೆನಪಾಗಿ.

ಏಳರಲ್ಲಿ ಜಾರಿಯಾದದ್ದು ಏಳನೆಯದೊಂದೇ.
ಹೂಮಳೆ ಕಳೆದ ಮೇಲೆ ಜೆಸಿಬಿ ಬಂತು.
ಎರಡು ಸಿಮೆಂಟಿನ ಕೊಳವೆ, ಮೇಲೆ ಕಾಂಕ್ರೀಟು,
ತಳಪಾಯಕ್ಕೆ ಕಲ್ಲು ಸಾಲದೆ
ಅಲ್ಲೇ ಸಿಕ್ಕ ಹನ್ನೆರಡನ್ನು ತುಂಬಿದರು.
ಕರ್ಪಿಗೆ ಖುಷಿ. ಈಗ ಕೆಳಗೆ ನೋಡದೆ ದಾಟುತ್ತಾಳೆ.
ಖುಷಿಯಾಗದೆ ಮತ್ತೇನು?

ಈ ಜನವರಿ ಮತ್ತೆ ಕಡ್ಡಿ ಅದ್ದಿದೆ.
ಕೊಳವೆಯೊಳಗೆ ನೀರು ಎಣ್ಣೆಯ ಹಾಗೆ, ಸದ್ದಿಲ್ಲದೆ.
ಸೊನ್ನೆ.
ತಪ್ಪೆಂದು ಎತ್ತಿಟ್ಟಿದ್ದ ನನ್ನ ಮೊದಲ ಮಾದರಿ
ಎರಡನೆಯ ದಶಾಂಶದವರೆಗೂ ಸರಿ.
ಕುಟ್ಟಯ್ಯ ಸರ್‌ಗೆ ಇನ್ನೂ ಹೇಳಿಲ್ಲ.

ನಿನ್ನೆ ಸಂಜೆ ಚಪ್ಪಲಿ ದಡದಲ್ಲಿ ಬಿಟ್ಟು
ಕೊಳವೆಯ ಕೆಳಬದಿಗಿಳಿದು ಒಂದು ಕಲ್ಲಿಟ್ಟೆ.
ಉರುಳಿತು. ಮತ್ತೆ ಇಟ್ಟೆ.
ಸೇತುವೆಯ ಮೇಲೆ ಮೂಟೆ ಹೊತ್ತು ನಿಂತವಳು
ಎಷ್ಟು ಹೊತ್ತಿನಿಂದ ನೋಡುತ್ತಿದ್ದಳೋ,
‘ಹಾಗಲ್ಲ’ ಎಂದಳು.
‘ಚಪ್ಪಟೆ ಮುಖ ಕೆಳಗೆ.’