ಎರಡು ಪಾತಿ, ಒಂಬತ್ತು ಸೀನು

ಹಾವು ಹಿಡಿಯುವವನು ಚೀಲದ ಬಾಯಿ ಕಟ್ಟುತ್ತ
ಗೇಟಿನಾಚೆ ನಿಂತು ಹೇಳಿದ:
"ಕೇರೆ ಸಾ, ಪಾಪದ್ದು. ತಪ್ಪು ಅದರದ್ದಲ್ಲ.
ಪಾತಿ ಕಿಲೀನ್ ಮಾಡಿ. ಇಲ್ಲಾಂದ್ರೆ
ನನ್ ನಂಬರು ಸೇವ್ ಮಾಡ್ಕಳಿ."

ನಂಬರು ಸೇವ್ ಮಾಡಿಕೊಂಡೆ.
ಅದು ಸುಲಭದ ಕೆಲಸ.

ಹೆಬ್ಬಾಳದ ನಮ್ಮ ಮನೆಗೆ
ಗೇಟಿನಿಂದ ಸಂಪಿನವರೆಗೆ ಎರಡು ಪಾತಿ,
ಓರೆಯಾಗಿ ಹೂತ ಇಟ್ಟಿಗೆಯ ಅಂಚು,
ಒಳಗೆ ಎರಡು ಮಳೆಗಾಲ ಯಾರೂ ಕೈಯಿಡದ ಹಸಿರು:
ಗರಿಕೆ, ತುಂಬೆ, ಉತ್ತರಾಣಿ, ಹೆಸರಿಲ್ಲದ್ದು,
ಹೆಸರಿದ್ದೂ ನನಗೆ ಗೊತ್ತಿಲ್ಲದ್ದು.

ನಾನು ಲೇತಿನವನು.
ಮೇಟಗಳ್ಳಿಯ ಶೆಡ್ಡಿನಲ್ಲಿ ಇಪ್ಪತ್ತಾರು ವರ್ಷ
ಕಬ್ಬಿಣಕ್ಕೆ ಹೇಳಿದ್ದೇನೆ, ಕಬ್ಬಿಣ ಕೇಳಿದೆ.
ಎರಡು ಥೌ ಎಂದರೆ ಎರಡೇ ಥೌ.
ಶನಿವಾರ ಬಿಟ್ಟುಬಂದ ಜಾಬು ಸೋಮವಾರವೂ ಅಷ್ಟೇ ಇರುತ್ತದೆ,
ನಾವಿಲ್ಲದಾಗ ಚಿಗುರುವುದಿಲ್ಲ.

ಮೊದಲ ಭಾನುವಾರ
ಕುಡುಗೋಲು ಹುಡುಕುವಷ್ಟರಲ್ಲಿ ಹತ್ತೂವರೆ.
ಹಿಡಿ ಸಡಿಲ. ಕೂರಿಸಿದೆ. ಸಾಣೆ ಹಿಡಿದೆ, ಎಣ್ಣೆ ಸವರಿದೆ,
ಬಿಸಿಲಿಗೆ ಎತ್ತಿ ಅಂಚು ನೋಡಿದೆ.
ಊಟದ ಹೊತ್ತಾಯಿತು.
ಸುಳ್ಳು ಯಾಕೆ, ಕುಡುಗೋಲು ಮಾತ್ರ ಚೆನ್ನಾಗಿತ್ತು.

ಪೋರ್ಟಿಕೋದಲ್ಲಿ ಪೇಪರು ಹಿಡಿದ ವನಜಾಕ್ಷಿ
ತಲೆ ಎತ್ತಲಿಲ್ಲ.

ಪಾತಿ ಅವಳದು. ಅವಳದಾಗಿತ್ತು.
ಕಾರ್ತೀಕಕ್ಕೆ ಹಳದಿ ಸೇವಂತಿಗೆ, ಕಾಂಪೌಂಡಿನುದ್ದ ಕನಕಾಂಬರ,
ಅಕ್ಕಿ ತೊಳೆದ ನೀರು ಒಂದು ಚೊಂಬೂ
ಬಚ್ಚಲಿಗೆ ಹೋದದ್ದಿಲ್ಲ.
ಎರಡು ವರ್ಷದ ಹಿಂದೆ, ಸ್ಕೂಟರು ಏರಲಿ ಅಂತ,
ಗೇಟಿಗೆ ಇಳಿಜಾರು ಹಾಕಿಸಿದೆ.
ಎರಡು ಬಾಂಡ್ಲಿ ಸಿಮೆಂಟು ಮಿಕ್ಕಿತು.
"ಎಲ್ ಸುರೀಲಿ ಸಾ?" ಅಂದ ಮೇಸ್ತ್ರಿ.
ನಾನು ಫೋನಿನಲ್ಲಿದ್ದೆ.
ಕೈ ತೋರಿಸಿದೆ.

ಅವಳು ಜಗಳವಾಡಲಿಲ್ಲ.
ಆಡಿದ್ದರೆ ಆ ವಾರಕ್ಕೇ ಮುಗಿಯುತ್ತಿತ್ತು.
ಕಳೆ ಕೀಳುವ ಕುರ್ಪಿಯನ್ನು ತೊಳೆದು, ಒರೆಸಿ,
ನನ್ನ ಟೂಲ್ ಬಾಕ್ಸಿನಲ್ಲಿ
ಸ್ಪ್ಯಾನರುಗಳ ಪಕ್ಕ ಇಟ್ಟಳು.
ಅಷ್ಟೇ.

ಎರಡನೇ ಭಾನುವಾರ ನಿಜಕ್ಕೂ ಕೂತೆ.
ಪಂಚೆಯ ತುಂಬ ಉತ್ತರಾಣಿ,
ಮಂಡಿ ಎರಡೂ ನನ್ನ ವಯಸ್ಸು ಕೂಗಿ ಹೇಳಿದವು.
ಸಿಕ್ಕಿದ್ದು ಒಂದು ರಬ್ಬರು ಬಾಲು, ಬಳೆಚೂರು,
ಬೀಗವಿಲ್ಲದ ಬೀಗದ ಕೈ. ಆಮೇಲೆ ಕುಡುಗೋಲು
ಟಣ್ ಎಂದಿತು.

ಗಟ್ಟಿಯಾದದ್ದು ಸಿಕ್ಕರೆ ನನ್ನಂಥವನಿಗೆ ಸಮಾಧಾನ.
ಸುತ್ತಿಗೆ, ಚಾಣ ತಂದು ಒಂದೂಕಾಲು ಗಂಟೆ ಹೊಡೆದೆ.
ಎದುರು ಮನೆ ಚಿಕ್ಕತಾಯಮ್ಮ ಗೇಟಿಗೊರಗಿ
"ಹೂವಿನ್ ಗಿಡಕ್ಕೂ ಸುತ್ಗೇನಾ, ಸಿವ್ನೆ!" ಅಂದು ಹೋದರು.

ಅಡಿಯಲ್ಲಿ ಬೇರು ಗೀರು ಏನೂ ಉಳಿದಿರಲಿಲ್ಲ.
ತಣ್ಣನೆ ಮಣ್ಣು, ಮೊಟ್ಟೆ ಹೊತ್ತು ಓಡುವ ಇರುವೆ.
ತಿರುಗಿಸಿದ ಒಂದು ತುಂಡಿನ ಕೆಳಮೈಯಲ್ಲಿ ಮಾತ್ರ
ಎಲೆಯ ಅಚ್ಚು,
ನರ ನರವೂ ಎಣಿಸುವಂತೆ.
ಯಾವ ಗಿಡದ್ದೋ. ಇಷ್ಟು ಚೊಕ್ಕ ಕ್ಯಾಸ್ಟಿಂಗು
ನಮ್ಮ ಶೆಡ್ಡಿನಲ್ಲೂ ನೋಡಿಲ್ಲ.
ಅವಳಿಗೆ ತೋರಿಸಲಿಲ್ಲ. ಎಸೆಯಲೂ ಆಗಲಿಲ್ಲ.
ಟೂಲ್ ಬಾಕ್ಸಿನಲ್ಲಿ, ಕುರ್ಪಿಯ ಕೆಳಗೆ ಇಟ್ಟೆ.

ಮೂರನೇ ಭಾನುವಾರ ಮಣ್ಣು ಸಮ.
ಸ್ಪಿರಿಟ್ ಲೆವೆಲ್ ಇಟ್ಟು ನೋಡಿದ್ದೇನೆ, ನಗಬೇಡಿ.
ಕಾಂಗ್ರೆಸ್ ಗಿಡವೆಂದು ಒಂದು ರಾಶಿ ಕಿತ್ತು ಹಾಕಿ
ಉಳಿದಿದ್ದ ಒಂದೇ ಒಂದು ಸೇವಂತಿಗೆ ಸಸಿಗೆ
(ಕಚ್ಚು ಕಚ್ಚು ಎಲೆ, ನೆಲಕ್ಕಂಟಿ ಕೂತಿತ್ತು)
ಸುತ್ತ ಕಟ್ಟೆ, ಪಕ್ಕಕ್ಕೊಂದು ಕೋಲು,
ಹಳೇ ಬನಿಯನ್ನು ಹರಿದ ದಾರ.
ದಿನಾ ಶಿಫ್ಟಿಗೆ ಮುಂಚೆ ಅಕ್ಕಿ ತೊಳೆದ ನೀರು.
ವಾರ ಕಳೆದ ಮೇಲೆ ಚೊಂಬು ತಾನಾಗಿ
ಹೊಸ್ತಿಲ ಪಕ್ಕ ತುಂಬಿ ಕೂತಿರುತ್ತಿತ್ತು.

ಐದನೇ ವಾರಕ್ಕೆ ಮೊಗ್ಗು.
ಬಿಳಿ. ಸಾಸಿವೆಗಿಂತ ಒಂದಿಷ್ಟು ದಪ್ಪ.
"ಬಿಳಿ ಸೇವಂತಿಗೆ ಕಣೇ!" ಕೂಗಿ ಹೇಳಿ
ಬಗ್ಗಿ ಮೂಸಿದೆ.

ಒಂದಲ್ಲ, ಒಂಬತ್ತು ಸೀನು.
ಕಣ್ಣೊರೆಸಿಕೊಳ್ಳುವಾಗ ಪೋರ್ಟಿಕೋದಿಂದ
ಬಾಯಿಗೆ ಸೆರಗೊತ್ತಿದರೂ ನಿಲ್ಲದ ಒಂದು ಸದ್ದು,
ಎರಡು ವರ್ಷದಿಂದ ಈ ಮನೆಯಲ್ಲಿ ಕೇಳಿರದ್ದು.

"ಕಾಂಗ್ರೆಸ್ ಗಿಡಕ್ಕೆ ಊರುಗೋಲು ಕೊಟ್ಟೋರು
ಇಡೀ ಮೈಸೂರಲ್ಲಿ ನೀವೊಬ್ರೇ."

"ಹಂಗಾದ್ರೆ, ಅವತ್ತು ನಾನು ಕಿತ್ತು ಹಾಕಿದ್ದು?"

ಉತ್ತರವಿಲ್ಲ. ಎದ್ದು ಒಳಗೆ ಹೋದಳು.
ಟೂಲ್ ಬಾಕ್ಸಿನ ಚಿಲಕ ತೆಗೆದ ಸದ್ದು.
ಸ್ಪ್ಯಾನರುಗಳು ಒಂದರ ಮೇಲೊಂದು ಜರುಗಿದವು.
ಆಮೇಲೆ ಸ್ವಲ್ಪ ಹೊತ್ತು
ಏನೂ ಕೇಳಲಿಲ್ಲ.

ಹತ್ತನೇ ಸೀನು ಮೂಗಿನ ತುದಿಗೆ ಬಂದಿತ್ತು.
ತಡೆದುಕೊಂಡೆ.