ಚೆಕ್‌ರೋಲಿನ ಹಿಂಪುಟ

ವಾರದ ಆರು ದಿನ ತೋಟದಲ್ಲಿ ಆಳು ಎಣಿಸುತ್ತೇನೆ,
ಏಳನೆಯ ದಿನ ಗೇಟಿನಲ್ಲಿ ಜನ.
ಪುಸ್ತಕ ಒಂದೇ. ಮುಂದಿನಿಂದ ಹಾಜರಿ,
ಹಿಂದಿನಿಂದ ಗದ್ದೆಹಳ್ಳ ಫ್ರೆಂಡ್ಸ್
ಊರ ಮೈದಾನದಲ್ಲಿ ಆಡಿದಾಗ
ಬಂದು ಕೂತವರ ಲೆಕ್ಕ.
ನಡುವೆ ನಲವತ್ತು ಹಾಳೆ ಇನ್ನೂ ಬಿಳಿ.

ಸೋಲುತ್ತಿದ್ದ ವರ್ಷ ನೋಡಿ:
ನಾನೂರ ಹನ್ನೆರಡು. ನಾನೂರ ಅರವತ್ತು.
ಜೀಪಿನ ಹಿಂಬದಿಗೆ ಜೋತುಬಿದ್ದು ಬರುತ್ತಿದ್ದರು,
ಹತ್ತು ರೂಪಾಯಿಯ ಚೀಟಿ ಹರಿಸಿಕೊಂಡು
ತೊಂಬತ್ತು ನಿಮಿಷ ಬೈಯುತ್ತಿದ್ದರು
ಮಲಯಾಳದಲ್ಲಿ, ತುಳುವಿನಲ್ಲಿ, ತಮಿಳಿನಲ್ಲಿ, ಕೊಡವ ತಕ್ಕಿನಲ್ಲಿ.
ಗೋಲಿ ಸೆಲ್ವನಿಗೆ ನಾಲ್ಕೂ ಅರ್ಥವಾಗುತ್ತಿತ್ತು.
ಗಂಟಲು ಒಣಗಿದರೆ ಬೀಪಾತುಮ್ಮನ ಸೋಡಾ,
ಕುಡಿದು ಮತ್ತೆ ಬೈದು
ಹಗುರಾಗಿ ಮನೆಗೆ ಹೋಗುತ್ತಿದ್ದರು.

ಈ ವರ್ಷ ಏನಾಯಿತೋ, ಗೆಲ್ಲತೊಡಗಿದರು.
ಎರಡು–ಸೊನ್ನೆ. ನಾಲ್ಕು–ಸೊನ್ನೆ.
ಚೆಟ್ಟಳ್ಳಿಯವರನ್ನು ಐದು–ಸೊನ್ನೆ.
ಮುನ್ನೂರ ಐದು, ಇನ್ನೂರ ನಲವತ್ತು,
ಎಂಟನೇ ಗೆಲುವಿಗೆ ತೊಂಬತ್ತೇಳು;
ಅದರಲ್ಲೂ ಇಪ್ಪತ್ತು ಮಂದಿ ಆಟಗಾರರ ಮನೆಯವರು, ಬಿಟ್ಟಿ.

ಕಮಿಟಿ ಕೂತಿತು.
ರೊಬಸ್ಟಾ ಕೊಯ್ಲು ಅಂದರು. ಕೊಯ್ಲಾದ ಮೇಲೆ ಮೆಣಸು,
ಮೆಣಸಾದ ಮೇಲೆ ಸ್ಪ್ರಿಂಕ್ಲರ್ ಪಂಪಿನ ಕಾವಲು,
ಆರರ ಮೇಲೆ ತಿರುವಿನಲ್ಲಿ ಆನೆ.
ಆನೆ ಸೋತ ವರ್ಷವೂ ಇತ್ತಲ್ಲ, ಅಂದೆ.
ಅಧ್ಯಕ್ಷ ಮುದ್ದಯ್ಯ ಕನ್ನಡಕ ಒರೆಸಿದರು.

ಉತ್ತರ ಸಿಕ್ಕಿದ್ದು ಕ್ಷೌರದಂಗಡಿಯಲ್ಲಿ.
ನೊರೆ ಹಚ್ಚಿಸಿಕೊಂಡ ಒಬ್ಬ, ಯಾರೆಂದು ತಿಳಿಯಲಿಲ್ಲ,
ಕಣ್ಣು ಮುಚ್ಚಿಯೇ ಹೇಳಿದ:
‘ಗೆದ್ದೇ ಗೆಲ್ತಾರಲ್ಲ ರೈಟ್ರೇ,
ನಾವು ಬಂದು ಮಾಡೋದೇನು?’

ಗೆಲ್ಲುವ ತಂಡದ ಗೋಲಿಯಷ್ಟು ಒಂಟಿ ಯಾರಿಲ್ಲ.
ಚೆಂಡೆಲ್ಲ ಆಚೆ ತುದಿಯಲ್ಲಿ.
ಸೆಲ್ವ ಕಂಬಕ್ಕೊರಗಿ, ಕೈಗವಸಿನ ದಾರ ಕಚ್ಚುತ್ತ
ಖಾಲಿ ಹಲಗೆಗಳನ್ನು ನೋಡುತ್ತಿದ್ದ.
ಬಿಡುವಿನಲ್ಲಿ ಬಂದು ಕೇಳುವನು,
‘ಎಷ್ಟು ರೈಟ್ರೇ ಇವತ್ತು?’
ಹೇಳಿದರೆ ಬೀಪಾತುಮ್ಮನ ಕಡೆ ತಿರುಗುವನು.
ಕಡಲೆ ಬೇಯಿಸಿದ ಪಾತ್ರೆ,
ಮುಚ್ಚಳ ತೆಗೆದೇ ಇಲ್ಲ.

ಹತ್ತನೇ ಆಟ. ಎಂಬತ್ತೊಂದನೇ ನಿಮಿಷ.
ಮಾದಾಪುರದ ಹುಡುಗನೊಬ್ಬ, ಹದಿನೇಳೂ ಆಗಿರಲಿಕ್ಕಿಲ್ಲ,
ಒದ್ದದ್ದಲ್ಲ ಅದು, ದಾರಿ ಕೇಳುವವನ ಹಾಗೆ ತಳ್ಳಿದ್ದು.
ಕಂಬಳಿಹುಳದ ನಡಿಗೆಯಲ್ಲಿ ಬಂತು ಚೆಂಡು.
ಸೆಲ್ವ ಎಡಕ್ಕೆ ಬಿದ್ದ.
ಚೆಂಡು ಬಲಕ್ಕೆ ಹೋಯಿತು.

ಅಂದೂ ಗೆದ್ದರು, ಮೂರು–ಒಂದು.
ಆದರೆ ಆ ಒಂದು ರಾತ್ರಿಯೊಳಗೆ
ಲೈನ್‌ಮನೆ ಹೊಕ್ಕು, ಬೇಕರಿ ಹೊಕ್ಕು, ಮಡಿಕೇರಿ ಬಸ್ಸೂ ಹತ್ತಿತು.
‘ಗೋಲಿ ಕೈಕೊಟ್ಟನಂತೆ.’
‘ಕಣ್ಣೇ ಇಲ್ಲ ಅವನಿಗೆ.’
‘ಮುಂದಿನ ವಾರ ಹೋಗಿ ನೋಡ್ಬೇಕು.’

ಮುಂದಿನ ವಾರ ಆರುನೂರ ಹನ್ನೊಂದು.
ಚೀಟಿ ಮುಗಿದು, ಹಳೆ ಕ್ಯಾಲೆಂಡರ್ ಹರಿದು ಸೀಲು ಹೊಡೆದೆ.
ಸಿಲ್ವರ್ ಓಕ್ ಹತ್ತಿ ಕೂತವರನ್ನು ಬರೆದಿಲ್ಲ.
ಬೀಪಾತುಮ್ಮ ಎರಡನೇ ಪಾತ್ರೆಗೆ ನೀರಿಟ್ಟಳು.
ನಾಲ್ಕು ಭಾಷೆ ಒಟ್ಟಿಗೆ ಮೇಲಿನಿಂದ ಸುರಿಯುವಾಗ
ಕೆಳಗೆ ಸೆಲ್ವ ಮೊಣಕಾಲು ಬಗ್ಗಿಸಿ, ಕೈಗವಸು ಬಿಗಿದು,
ಮದುಮಗನ ಹಾಗೆ ನಿಂತಿದ್ದ.

ನೀವು ಕಂಡಿರಾ ಎಂದು ನನ್ನನ್ನು ಯಾರೂ ಕೇಳಲಿಲ್ಲ.
ಒಂದು ಜೂನಿನಲ್ಲಿ ಇವನ ತಾಯಿ ವಳ್ಳಿಯಮ್ಮ
ಜ್ವರದಲ್ಲಿ ಮಲಗಿದ್ದ ಆರು ದಿನ
ಅವಳ ಹೆಸರಿನ ಮುಂದೆ ಹಾಜರಿ ಗೀಟು ಎಳೆದಿದ್ದೆ.
ಸಂಬಳದ ದಿನ ಅವಳೂ ಕೇಳಲಿಲ್ಲ,
ಸೆರಗಿನ ತುದಿಗೆ ನೋಟು ಗಂಟು ಹಾಕಿ
ಒಮ್ಮೆ ನೋಡಿದಳು, ಅಷ್ಟೇ.
ಅವತ್ತು ಪಕ್ಕದಲ್ಲಿ ನಿಂತಿದ್ದ ಹುಡುಗನಿಗೆ
ಏಳೋ ಎಂಟೋ ವಯಸ್ಸು.

ಹಿಂಪುಟದಲ್ಲಿ ಸಂಖ್ಯೆ ಬರೆದು
ಕೆಳಗೊಂದು ಗೆರೆ ಎಳೆಯಲು ಹೋದೆ;
ಅಷ್ಟರಲ್ಲಿ ಹೊಗೆಯಾಚೆಯಿಂದ ಬೀಪಾತುಮ್ಮನ ದನಿ:
‘ರೈಟ್ರೇ, ನೂರಕ್ಕೆ ಚಿಲ್ರೆ ಉಂಟಾ?’