ಎರಡನೇ ಮಹಡಿಯ ಗೋಡೆ

ಊರಿನ ಹೆಸರು ಬರೆಯುವಾಗ ಲೋಡ್ಜ್,
ಕರೆಯುವಾಗ ವೂಚ್.
ಬರೆದದ್ದಕ್ಕೂ ಕರೆದದ್ದಕ್ಕೂ ನಂಟಿಲ್ಲದ ಈ ಊರಲ್ಲಿ
ಬೊಗುಮಿವಾ ಹಗಲೆಲ್ಲ ಟ್ರಾಮಿನ ಚಕ್ರ ಸಾಣೆ ಹಿಡಿಯುತ್ತಾಳೆ,
ರಾತ್ರಿ ಮೇಕೆ ಓಡಿಸುತ್ತಾಳೆ.

ಮೇಕೆ ಅಂದರೆ ಹದಿನಾರು ಚುಕ್ಕಿ ಅಗಲ,
ಹನ್ನೆರಡು ಚುಕ್ಕಿ ಎತ್ತರ, ಗಡ್ಡಕ್ಕೆ ಎರಡು ಬೇರೆ.
ಬಾಯಲ್ಲೊಂದು ಕಾಗದ.
ನಲವತ್ತು ಮಹಡಿಯ ಕೋಟೆ ಹತ್ತಿ
ತುದಿಯಲ್ಲಿ ಕೂತ ರಾಜನಿಗೆ ಅದನ್ನು ಮುಟ್ಟಿಸಬೇಕು.
(ದಾರಿಯಲ್ಲಿ ತಿಂದುಬಿಟ್ಟರೆ ಆಟ ಮುಗಿಯಿತು.
ಮೇಕೆಯಲ್ಲವೆ, ತಿನ್ನಲಿಕ್ಕೆಂದೇ ಒಂದು ಗುಂಡಿ ಇದೆ.)

ಆಟ ಬಂದ ವರ್ಷ ಖರ್ಚಾದದ್ದು ಮುನ್ನೂರು ಪ್ರತಿ,
ನೂರ ನಲವತ್ತು ವಾಪಸು ಬಂದವು.
ಉಳಿದುದರಲ್ಲೊಂದು ಇವಳ ಪಾಲಿಗೆ, ಹಳೇ ಸಾಮಾನಿನ ಸಂತೆಯಲ್ಲಿ,
ಕೆಟ್ಟ ಇಸ್ತ್ರಿಪೆಟ್ಟಿಗೆಯ ಜೊತೆ ಪುಕ್ಕಟೆ.

ಹತ್ತೊಂಬತ್ತು ವರ್ಷ.
ಒಂದು ಗಂಟೆ ಹನ್ನೆರಡು ನಿಮಿಷ ಎಂಟು ಸೆಕೆಂಡು: ವಿಶ್ವದಾಖಲೆ.
ವಿಶ್ವ ಅಂದರೆ ಹನ್ನೊಂದು ಜನ. ನಾನು ಹತ್ತನೆಯವನು.
ತಂಗಿ ಯಾದ್ವಿಗಾಗೆ ಗುಮಾನಿ:
ಇವಳ ಕೋಣೆಯಲ್ಲಿ ಎರಡು ಗಂಟೆಯವರೆಗೆ ದೀಪ, ಯಾರೋ ಬರುತ್ತಾನೆ.
ಬರುತ್ತಾನೆ, ಸುಳ್ಳಲ್ಲ. ಗಡ್ಡವೂ ಇದೆ.

ಆಮೇಲೆ ಆ ಮಂಗಳವಾರ
ಉಲಾನ್‌ಬಾತರಿನ ಹದಿನಾಲ್ಕರ ಪೋರ, ಎನೆಬಿಷ್
(ದೃಷ್ಟಿ ತಾಕದಿರಲೆಂದು ಇಟ್ಟ ಹೆಸರು, ಅರ್ಥ ‘ಇವನಲ್ಲ’),
ಎರಡನೇ ಮಹಡಿಯ ಗೋಡೆಗೆ ಮೇಕೆಯ ಹಿಂಬದಿ ಒತ್ತಿ,
ಮೂರು ಸಲ ಕೆಮ್ಮಿಸಿ, ನೆಗೆಯುವುದನ್ನೂ ತಿನ್ನುವುದನ್ನೂ
ಒಟ್ಟಿಗೇ ಅದುಮಿದ. ಗೋಡೆ ಮೇಕೆಯನ್ನು ನುಂಗಿತು,
ಸಿಂಹಾಸನದ ಮುಂದೆ ಉಗುಳಿತು.
ಒಟ್ಟು ನಾಲ್ಕು ನಿಮಿಷ.
ಚಾಪೆ ಕೆಳಗೆ ತೂರುವವರನ್ನು ಕಂಡಿದ್ದೆವು,
ರಂಗೋಲಿ ಕೆಳಗೆ ತೂರುವವರನ್ನೂ.
ಸುಣ್ಣದೊಳಗೆ ತೂರಿದವನು ಇವನೇ.

ಹನ್ನೊಂದು ಜನರಲ್ಲಿ ಹದಿಮೂರು ಪಂಗಡವಾಯಿತು.
ಗೋಡೆ ಸತ್ಯ ಎಂದರು ಕೆಲವರು, ಮಿಥ್ಯೆ ಎಂದರು ಕೆಲವರು,
ಮಿಥ್ಯೆಯೇ, ಆದರೂ ಮರ್ಯಾದೆ ಕೊಡಬೇಕು
ಎಂದ ಪೋರ್ತೋದ ದಂತವೈದ್ಯ.
ಆಚಾರ್ಯರಿಲ್ಲ, ಮಠವಿಲ್ಲ, ಭಾಷ್ಯಕ್ಕೆ ಮಾತ್ರ ಬರವಿಲ್ಲ.

ಕೊನೆಗೆ ಆಟ ಬರೆದವನನ್ನೇ ಹುಡುಕಿದೆವು.
ಜೆಮೊವಿತ್, ಈಗ ರೈಲುನಿಲ್ದಾಣದ ಸುರಂಗದಲ್ಲಿ
ಬೀಗದ ಕೈ ಮಾಡಿಕೊಡುತ್ತಾನೆ.
ಉಪ್ಪಲ್ಲಿಟ್ಟ ಸೌತೆ ಕಡಿಯುತ್ತ ಹೇಳಿದ:
“ಅಲ್ಲಿ ಗೋಡೆ ಕಟ್ಟೇ ಇಲ್ಲವಲ್ಲ. ಬಣ್ಣ ಬಳಿದೆ, ಅಷ್ಟೆ.
ಆ ತಿಂಗಳು ಸಂಬಳ ಬಂದಿರಲಿಲ್ಲ.”

ಬೊಗುಮಿವಾ ಹಾಂ ಅನ್ನಲಿಲ್ಲ, ಹೂಂ ಅನ್ನಲಿಲ್ಲ.
ಭಾನುವಾರ ಬಾಗಿಲು ಹಾಕಿಕೊಂಡು, ಕ್ಯಾಮೆರಾಕ್ಕೆ ಕಾಲುಚೀಲ ಹೊದಿಸಿ,
ಪೋರನ ಉಪಾಯ ಒಮ್ಮೆ ಮಾಡಿ ನೋಡಿದಳು.
ಮೂರು ಕೆಮ್ಮು. ಎರಡು ಗುಂಡಿ. ರಾಜ.
ಈ ರಾಜನಿಗೆ ಬರೆದುಕೊಟ್ಟದ್ದು ಒಂದೇ ಮಾತು,
ಹತ್ತೊಂಬತ್ತು ವರ್ಷ ಅವಳು ಕೇಳಿದ್ದು ಅದೊಂದೇ:
“ತಡವಾಯಿತು.”
ನಾಲ್ಕೇ ನಿಮಿಷಕ್ಕೆ ಬಂದು ನಿಂತವಳನ್ನೂ
ಮೇಲಿಂದ ಕೆಳಗೆ ನೋಡಿ ಅಂದ: “ತಡವಾಯಿತು.”

ಅವಳು ನಕ್ಕ ಸದ್ದಿಗೆ ಪಕ್ಕದ ಮನೆಯ ನಾಯಿ ಎದ್ದಿತಂತೆ.

ಕಾಲುಚೀಲ ತೆಗೆದಳು. ಮತ್ತೆ ಒಂದನೇ ಮಹಡಿ,
ಮೆಟ್ಟಿಲಿಗೆ ಮೆಟ್ಟಿಲು, ನಾವೆಲ್ಲ ನೋಡುತ್ತಿದ್ದೆವು.
ಹದಿನೇಳರಲ್ಲೊಂದು ಕಿಟಕಿಯಿದೆ. ಅಲ್ಲಿ ನಿಂತರೆ
ಎರಡು ಸೆಕೆಂಡು ದಂಡ,
ಇಷ್ಟು ವರ್ಷ ಆ ಕಡೆ ಕತ್ತು ತಿರುಗಿಸಿದ್ದಿಲ್ಲ.
ನಿಂತಳು.
ಹೊರಗೆ ಹಿಮ, ಮೂರು ಮರ, ಒಂದು ದೀಪದ ಕಂಬ,
ಕಂಬದಡಿ ಯಾರೋ ಮರೆತ ಕೊಡೆ, ಕೊಡೆಗೆ ಏಳು ಬಣ್ಣ.
ಸಂಬಳ ಬಂದ ತಿಂಗಳು ಬರೆದದ್ದಿರಬೇಕು.

ಚೆನ್ನಾಗಿ ಕಾಣಲೆಂದು ಮೇಕೆಯನ್ನು ಒಂದು ಹೆಜ್ಜೆ ಮುಂದಿಟ್ಟಳು.

ಕಿಟಕಿಗೂ ಬಣ್ಣವೇ ಬಳಿದಿದ್ದ, ಪುಣ್ಯಾತ್ಮ.

ಮೇಕೆ ಬೀಳುತ್ತಿದೆ. ಕಾಗದ ಬಾಯಲ್ಲೇ ಇದೆ.
ಹಿಮ ಮೇಲಕ್ಕೆ ಹೋಗುತ್ತಿದೆ, ಗಡಿಯಾರ ಓಡುತ್ತಿದೆ,
ಅವಳು ಯಾವ ಗುಂಡಿಯನ್ನೂ ಮುಟ್ಟುತ್ತಿಲ್ಲ.
ಅತ್ತ ಉಲಾನ್‌ಬಾತರಿನಲ್ಲಿ ಬೆಳಗಾಗಿದೆ.
ಒಂದು ಕಾಲಿಗೆ ಬೂಟು ಹಾಕಿ ಇನ್ನೊಂದನ್ನು ಕೈಯಲ್ಲಿ ಹಿಡಿದು
ಪೋರ ಕೂತೇ ಇದ್ದಾನೆ.
ಒಳಗಿಂದ ಅವನಮ್ಮ ಎರಡನೇ ಸಲ ಕೂಗಿದಳು:
ತಡವಾಯಿತು.